ಕರಿಯ ಗುರ್ರ್ ಅಂದಿದ್ದು ಯಾಕೆ? ದೊಡ್ಡ ನಾಯಿಯನ್ನು ಹೊಡೆಯದೆ ಕಲಿಸುವ ಬಗ್ಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಒಂಟಿ ಮನೆ, ಸುತ್ತ ಕಾಡು. ಬೆಂಗಳೂರಿನಿಂದ ಎರಡು ತಿಂಗಳ ಗ್ರೇಟ್ ಡೇನ್ ಮರಿ ತಂದಿದ್ದೆವು. ಹೆಸರು ಕರಿಯ. ಈಗ 14 ತಿಂಗಳು, 55 ಕಿಲೋ. ಗಾತ್ರ ಅಷ್ಟಿದ್ದರೂ ತುಂಬಾ ಸೂಕ್ಷ್ಮ. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಸಾಕು, ಮುದುಡಿಕೊಳ್ಳುತ್ತಾನೆ. ಆದರೆ ಹೊರಗೆ ಹೋದರೆ ಎಳೆದಾಡುತ್ತಾನೆ, ಬಂದವರ ಮೈಮೇಲೆ ಹಾರುತ್ತಾನೆ. ಒಮ್ಮೆ ನಮ್ಮ ಅತ್ತೆಯನ್ನು ಬೀಳಿಸಿದ್ದಾನೆ. ಒಬ್ಬ ಟ್ರೇನರ್ ಕರೆಸಿದೆವು. ಅವರು ಹತ್ತು ದಿನ ಮುಳ್ಳಿನ ಚೈನ್ ಹಾಕಿ, ಅಡಿಕೆ ದಬ್ಬೆಯಲ್ಲಿ ಹೊಡೆದು ಕಲಿಸಿದರು. ಎಳೆಯುವುದು ನಿಂತಿತು. ಆದರೆ ಈಗ ಯಾರಾದರೂ ಕೈ ಎತ್ತಿದರೆ ನಿಂತಲ್ಲೇ ಉಚ್ಚೆ ಹೊಯ್ಯುತ್ತಾನೆ. ಹೋದ ವಾರ ಮಗ ಅವನ ಕುತ್ತಿಗೆಯ ಬೆಲ್ಟ್ ಹಿಡಿಯಲು ಹೋದಾಗ ಗುರ್ರ್ ಅಂದ. "ದೊಡ್ಡ ನಾಯಿ, ಈಗಲೇ ಬಗ್ಗಿಸದಿದ್ದರೆ ನಾಳೆ ತಲೆ ಮೇಲೆ ಕೂರುತ್ತದೆ" ಅಂತ ಟ್ರೇನರ್ ಹೇಳುತ್ತಾರೆ, ನೆಂಟರೂ ಹೇಳುತ್ತಾರೆ. ಹೊಡೆಯದೆ ಇಷ್ಟು ದೊಡ್ಡ ನಾಯಿ ಮಾತು ಕೇಳುತ್ತದಾ?

ಉತ್ತರ: ಕೇಳುತ್ತದೆ. ಆದರೆ ಮೊದಲು ಒಂದು ಕೆಲಸ ಮಾಡಿ. ಈ ಉತ್ತರ ಪೂರ್ತಿ ಓದುವ ಮುಂಚೆಯೇ ಎದ್ದು ಹೋಗಿ ಆ ಮುಳ್ಳಿನ ಚೈನ್ ತೆಗೆದುಬಿಡಿ. ಮಗ ತೆಗೆಯುವುದು ಬೇಡ. ಕರಿಯ ಯಾರ ಹತ್ತಿರ ತಾನಾಗಿ ಬಂದು ತೊಡೆಗೆ ಒರಗಿ ನಿಲ್ಲುತ್ತಾನೋ ಅವರು ತೆಗೆಯಲಿ. ಡೇನ್‌ಗಳಿಗೆ ಹಾಗೆ ಒರಗುವ ಅಭ್ಯಾಸ ಇದೆ, ನಿಮಗೂ ಗೊತ್ತಿರುತ್ತದೆ.

ತೆಗೆದ ಮೇಲೆ ಕುತ್ತಿಗೆಯ ಕೂದಲು ಬಿಡಿಸಿ ನೋಡಿ. ಈ ಜಾತಿಯ ಕೂದಲು ಗಿಡ್ಡ. ಮುಳ್ಳು ಒತ್ತಿದ ಜಾಗದಲ್ಲಿ ಕೂದಲು ಉದುರಿ ಸಣ್ಣ ಸಣ್ಣ ಗಾಯ ಆಗಿರಬಹುದು. ನಮ್ಮ ಮಳೆಗಾಲದ ಶೀತಕ್ಕೆ ಅದು ಬೇಗ ಒಣಗುವುದಿಲ್ಲ, ಕೀವು ಕಟ್ಟುತ್ತದೆ. ಅಂಥದ್ದು ಕಂಡರೆ ಅವನು ಯಾಕೆ ಗುರ್ರ್ ಅಂದ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ನಿಮ್ಮ ಪತ್ರ ಓದಿದರೆ ನಿಮಗೆ ಜಾಸ್ತಿ ಭಯ ಹುಟ್ಟಿಸಿದ್ದು ಆ ಗುರ್ರ್ ಅಂತ ಕಾಣುತ್ತದೆ. ನನಗೆ ಸ್ವಲ್ಪ ಸಮಾಧಾನ ಕೊಟ್ಟಿದ್ದೂ ಅದೇ. ಕರಿಯ ಇನ್ನೂ ಮಾತಾಡುತ್ತಿದ್ದಾನೆ. ಬಾಯಿ ಹಾಕುವ ಮೊದಲು ನಾಯಿ ಹೇಳುವ ಮಾತು ಬೇಕಾದಷ್ಟಿವೆ. ಮುಖ ಆಚೆ ತಿರುಗಿಸುತ್ತದೆ. ನಿದ್ದೆ ಬರದಿದ್ದರೂ ಆಕಳಿಸುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುತ್ತದೆ. ಮುಂಗಾಲು ಒಂದನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಕಣ್ಣಿನ ಬಿಳಿ ಭಾಗ ಅಂಚಿನಲ್ಲಿ ಕಾಣುತ್ತದೆ. ಆಮೇಲೆ ಮೈಯೆಲ್ಲ ಕಲ್ಲಿನ ಹಾಗೆ ಬಿಗಿಯಾಗುತ್ತದೆ. ಇಷ್ಟಕ್ಕೂ ಎದುರಿಗಿದ್ದವರು ಹಿಂದೆ ಸರಿಯದಿದ್ದರೆ ಆಗ ಗುರ್ರ್. "ದಯವಿಟ್ಟು ಇಲ್ಲಿಗೆ ನಿಲ್ಲಿಸಿ, ನನಗೆ ಭಯ ಆಗುತ್ತಿದೆ" ಅನ್ನುವುದಕ್ಕೆ ಅದರ ಹತ್ತಿರ ಉಳಿದಿರುವ ಕೊನೆಯ ಮಾತು ಅದು.

ಆ ಮಾತಿಗೆ ಹೊಡೆದರೆ ಏನಾಗುತ್ತದೆ? ಮಾತು ನಿಲ್ಲುತ್ತದೆ. ಭಯ ಹಾಗೇ ಇರುತ್ತದೆ. "ಏನೂ ಸೂಚನೆ ಕೊಡದೆ ಕಚ್ಚಿಬಿಟ್ಟಿತು ಡಾಕ್ಟ್ರೇ" ಅಂತ ಬರುವವರನ್ನು ಕೂರಿಸಿ ನಿಧಾನಕ್ಕೆ ಕೇಳುತ್ತೇನೆ. ಮರಿಯಾಗಿದ್ದಾಗ ಗುರ್ರ್ ಅನ್ನುತ್ತಿತ್ತಾ? ಅನ್ನುತ್ತಿತ್ತು. ಆಗ ಏನು ಮಾಡಿದಿರಿ? ಎರಡು ಬಿಟ್ಟೆವು, ಆಮೇಲೆ ಸುಮ್ಮನಾಯಿತು. ಈ ಮಾತುಕತೆ ನನ್ನ ಮೇಜಿನ ಮುಂದೆ ಎಷ್ಟೋ ಸಲ ನಡೆದಿದೆ. ಅದಕ್ಕೇ ಹೇಳುವುದು, ಮಗನಿಗೆ ಗುರ್ರ್ ಅಂದಿದ್ದಕ್ಕೆ ಕರಿಯನಿಗೆ ಯಾರೂ ಒಂದೇಟೂ ಹಾಕಬೇಡಿ, ಬೈಯಲೂ ಬೇಡಿ. ಇನ್ನೊಮ್ಮೆ ಅಂದರೆ ಕೈ ನಿಧಾನಕ್ಕೆ ಹಿಂದೆ ತೆಗೆದುಕೊಂಡು, ಪಕ್ಕಕ್ಕೆ ತಿರುಗಿ, ಎರಡು ಹೆಜ್ಜೆ ಸರಿಯಿರಿ. ಹಾಗೆ ಮಾಡಿದರೆ ಅವನು ಗೆದ್ದ, ನಾವು ಸೋತೆವು ಅಂತ ಅಲ್ಲ. ಅವನು ಕೇಳಿದ್ದು ಜಾಗ, ನೀವು ಕೊಟ್ಟಿರಿ. ಆಮೇಲೆ ಸಮಾಧಾನವಾಗಿ ಕೂತು, ಬೆಲ್ಟ್ ಹಿಡಿಯುವುದು ಅವನಿಗೆ ಯಾಕೆ ಕಷ್ಟ ಆಯಿತು ಅಂತ ನೋಡಬೇಕಾದವರು ನಾವು.

ಯಾಕೆ ಅನ್ನುವುದು ನಿಮ್ಮ ಪತ್ರದಲ್ಲೇ ಇದೆ. ಹತ್ತು ದಿನ ಅವನ ಕುತ್ತಿಗೆಗೆ ಮುಳ್ಳು ಚುಚ್ಚಿದೆ. ಪ್ರತಿ ಸಲ ಅದಕ್ಕೆ ಮೊದಲು ಒಂದು ಕೈ ಕುತ್ತಿಗೆಯ ಹತ್ತಿರ ಬಂದಿದೆ. ಟ್ರೇನರ್ ಕಲಿಸಿದ್ದು "ಎಳೆಯಬೇಡ" ಅನ್ನುವ ಪಾಠ. ಕರಿಯ ಕಲಿತದ್ದು "ಕುತ್ತಿಗೆ ಹತ್ತಿರ ಕೈ ಬಂದರೆ ನೋವಾಗುತ್ತದೆ" ಅನ್ನುವ ಪಾಠ. ನಾಯಿ ಕಲಿಯುವ ರೀತಿಯೇ ಹಾಗೆ. ನೋವಾದ ಆ ಕ್ಷಣದಲ್ಲಿ ಕಣ್ಣಿಗೆ ಏನು ಬಿತ್ತು, ಕಿವಿಗೆ ಏನು ಬಿತ್ತು, ಮೂಗಿಗೆ ಏನು ಬಡಿಯಿತು, ಅದೆಲ್ಲ ನೋವಿನ ಜೊತೆ ಅಂಟಿಕೊಂಡುಬಿಡುತ್ತದೆ. ಏನು ಅಂಟಬೇಕು ಅಂತ ನಾವು ಆರಿಸಿ ಕೊಡಲು ಆಗುವುದಿಲ್ಲ.

ಇದನ್ನು ನಾನು ಓದಿ ಕಲಿತಿದ್ದಲ್ಲ. ಕಾಲೇಜಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಂದು ಮುಧೋಳ ಹೆಣ್ಣು ನಾಯಿ ಇತ್ತು, ಬೆಳ್ಳಿ ಅಂತ. ಒಂದು ಬೆಳಿಗ್ಗೆ ಅದು ಜಗಲಿಯಲ್ಲಿ ಉಚ್ಚೆ ಹೊಯ್ದಿತ್ತು. ನಾನು ಕೈಯಲ್ಲಿದ್ದ ಪೇಪರ್ ಸುತ್ತಿ ಒಂದು ಏಟು ಹಾಕಿದೆ. ಒಂದೇ ಏಟು, ನೋವಾಗುವಂಥದ್ದೂ ಅಲ್ಲ. ಅವತ್ತಿನಿಂದ ಅದು ಜಗಲಿಯಲ್ಲಿ ಉಚ್ಚೆ ಹೊಯ್ಯಲಿಲ್ಲ, ನಿಜ. ಆದರೆ ಮರುದಿನ ಅಪ್ಪ ಪೇಪರ್ ಬಿಡಿಸಿದರು. ಹಾಳೆ ಸದ್ದಾಯಿತು. ಅಪ್ಪನ ಕಾಲ ಬುಡದಲ್ಲಿ ಮಲಗಿದ್ದ ಬೆಳ್ಳಿ ಎದ್ದು, ಬಾಲ ಹೊಟ್ಟೆಯ ಅಡಿಗೆ ಸೇರಿಸಿಕೊಂಡು ಅಂಗಳಕ್ಕೆ ಇಳಿದು ಹೋಯಿತು. ಅಪ್ಪ ಅದಕ್ಕೆ ಯಾವತ್ತೂ ಹೊಡೆದವರಲ್ಲ. ಆಮೇಲೆ ಅದು ಬದುಕಿದ್ದ ಆರು ವರ್ಷವೂ ಬೆಳಿಗ್ಗೆ ಪೇಪರ್ ಬಿಡಿಸುವ ಹೊತ್ತಿಗೆ ಜಗಲಿಯಲ್ಲಿ ನಿಲ್ಲಲಿಲ್ಲ. ಮಳೆ ಬರುತ್ತಿದ್ದರೂ ಇಳಿದು ಹೋಗಿ ಕೊಟ್ಟಿಗೆಯ ಸೂರಿನ ಕೆಳಗೆ ನಿಂತಿರುತ್ತಿತ್ತು. ಅಪ್ಪ ಕೊನೆಗೆ ಒಳಗೆ ಹೋಗಿ ಪೇಪರ್ ಓದುವ ಅಭ್ಯಾಸ ಮಾಡಿಕೊಂಡರು. ಆ ಒಂದು ಏಟನ್ನು ನಾನು ಇವತ್ತಿಗೂ ಮರೆತಿಲ್ಲ.

"ಆದರೆ ಎಳೆಯುವುದು ನಿಂತಿತಲ್ಲ" ಅಂತ ನೀವು ಕೇಳಬಹುದು. ನಿಂತಿತು. ಹೊಡೆತ ಕೆಲಸವನ್ನೇ ಮಾಡುವುದಿಲ್ಲ ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ತಕ್ಷಣಕ್ಕೆ ಕೆಲಸ ಮಾಡುತ್ತದೆ, ಅಪಾಯ ಇರುವುದೇ ಅಲ್ಲಿ. ನಾಯಿ ಬೊಗಳಿತು, ಹೊಡೆದೆವು, ನಿಲ್ಲಿಸಿತು. ಇಲ್ಲಿ ಬಹುಮಾನ ಸಿಕ್ಕಿದ್ದು ಹೊಡೆದವರಿಗೆ. ಮುಂದಿನ ಸಲ ಕೈ ಇನ್ನೂ ಬೇಗ ಏಳುತ್ತದೆ. ನಾಯಿಗೆ ಆ ಏಟು ಅಭ್ಯಾಸವಾದರೆ ಇನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ಕರಿಯನಂಥ ಸೂಕ್ಷ್ಮ ನಾಯಿಯಾದರೆ ಅಭ್ಯಾಸವಾಗುವುದಿಲ್ಲ, ಒಳಗೇ ಕುಸಿಯುತ್ತದೆ. ಏನು ಮಾಡಿದರೂ ಏಟು ಬೀಳಬಹುದು ಅನ್ನಿಸಿದಾಗ ನಾಯಿ ಏನನ್ನೂ ಮಾಡದೆ ಸುಮ್ನೆ ನಿಲ್ಲುತ್ತದೆ. ಅದನ್ನು ನೋಡಿ ಜನ "ಎಷ್ಟು ಚೆನ್ನಾಗಿ ಪಳಗಿದೆ" ಅನ್ನುತ್ತಾರೆ. ಕೈ ಎತ್ತಿದಾಗ ಉಚ್ಚೆ ಹೊಯ್ಯುತ್ತಾನಲ್ಲ, ಅದನ್ನು ಸೊಕ್ಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂತ್ರ ಹಿಡಿಯಲಾಗದಷ್ಟು ಹೆದರಿದ್ದಾನೆ, ಅಷ್ಟೇ.

"ನೀನೇ ಯಜಮಾನ ಅಂತ ತೋರಿಸಬೇಕು" ಅನ್ನುವ ಮಾತು ಎಲ್ಲಿಂದ ಬಂತು ಅಂತ ತಿಳಿದರೆ ನೆಂಟರಿಗೆ ಉತ್ತರ ಕೊಡುವುದು ಸುಲಭ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳ ಬಗ್ಗೆ ಬರೆದರು. ಬೇಲಿಯೊಳಗೆ ಕೂಡಿಹಾಕಿದ ತೋಳಗಳು ಒಂದನ್ನೊಂದು ಬಗ್ಗಿಸಲು ಕಚ್ಚಾಡುತ್ತಿದ್ದವು. ತೋಳದ ಗುಂಪು ಅಂದರೇನೇ ಹೀಗೆ, ಒಬ್ಬ ಯಜಮಾನ, ಉಳಿದವರು ಅಡಿಯಾಳು ಅನ್ನುವ ನಂಬಿಕೆ ಬೆಳೆಯಿತು. ತೋಳದಿಂದ ಅದು ನಾಯಿಗೂ ದಾಟಿತು. ಆಮೇಲೆ ಅಮೆರಿಕದ ಡೇವಿಡ್ ಮೆಕ್ ಕಾಡಿನಲ್ಲಿ ಸ್ವತಂತ್ರವಾಗಿರುವ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ಬೇರೆಯೇ ಚಿತ್ರ ಕೊಟ್ಟರು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಒಂದು ಸಂಸಾರ. ಅಪ್ಪ, ಅಮ್ಮ, ಮಕ್ಕಳು. ಹೆತ್ತವರು ಮುಂದೆ ನಡೆಯುತ್ತಾರೆ, ಮಕ್ಕಳು ಹಿಂದೆ ಬರುತ್ತವೆ, ಅದಕ್ಕೆ ಕುಸ್ತಿ ಬೇಕಾಗಿಲ್ಲ. ತೋಳದ ಕಥೆಯೇ ಹೀಗಿರುವಾಗ, ಸಾವಿರಾರು ವರ್ಷದಿಂದ ಮನುಷ್ಯರ ಅಂಗಳದಲ್ಲಿ ಬೆಳೆದ ನಾಯಿ ಬಾಗಿಲಲ್ಲಿ ಮುಂದೆ ನುಗ್ಗಿದ ಕೂಡಲೇ ಮನೆಯ ಯಜಮಾನಿಕೆ ಕಿತ್ತುಕೊಳ್ಳಲು ನೋಡುತ್ತಿದೆ ಅಂದರೆ ಹೇಗೆ? ಕರಿಯ ಮುಂದೆ ನುಗ್ಗುವುದು ಹೊರಗೆ ಹೋಗುವ ಆಸೆಗೆ.

ನಾಯಿಯನ್ನು ನೆಲಕ್ಕೆ ಕೆಡವಿ, ಅಂಗಾತ ಮಾಡಿ ಒತ್ತಿ ಹಿಡಿಯುವುದು ಇದೇ ನಂಬಿಕೆಯ ಕೂಸು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು, ನಾಯಿಯ ವರ್ತನೆ ಸರಿಯಿಲ್ಲ ಅಂತ ಬಂದ ಮಾಲೀಕರನ್ನು ವಿಚಾರಿಸಿ 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೊಡೆದು ಅಥವಾ ಒದ್ದು ನೋಡಿದವರಲ್ಲಿ ಶೇಕಡಾ 43 ಜನರ ನಾಯಿಗಳು ತಿರುಗಿಬಿದ್ದಿದ್ದವು. ಅಂಗಾತ ಕೆಡವಿ ಹಿಡಿದವರಲ್ಲಿ ಶೇಕಡಾ 31. ನಿಮ್ಮ ಮನೆಯಲ್ಲಿ ಹಾಗೆ ತಿರುಗಿಬೀಳುವ ಬಾಯಿ ಎಷ್ಟು ದೊಡ್ಡದು ಅಂತ ಒಮ್ಮೆ ಯೋಚಿಸಿ.

ಇನ್ನೊಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. 2020ರಲ್ಲಿ ಪೋರ್ಚುಗಲ್‌ನವರು ಪ್ರಕಟಿಸಿದ್ದು. 92 ಸಾಕುನಾಯಿಗಳನ್ನು ತೆಗೆದುಕೊಂಡರು. ಕೆಲವು ತಿಂಡಿ ಕೊಟ್ಟು ಕಲಿಸುವ ಶಾಲೆಯಿಂದ ಬಂದವು, ಕೆಲವು ಚೈನ್ ಜಗ್ಗಿ, ಗದರಿಸಿ ಕಲಿಸುವ ಶಾಲೆಗಳಿಂದ. ಕೋಣೆಯ ಒಂದು ಕಡೆ ಬಟ್ಟಲು ಇಟ್ಟರೆ ಅದರಲ್ಲಿ ತಿಂಡಿ ಇರುತ್ತದೆ, ಇನ್ನೊಂದು ಕಡೆ ಇಟ್ಟರೆ ಖಾಲಿ ಇರುತ್ತದೆ ಅಂತ ಮೊದಲು ಅವಕ್ಕೆ ಗೊತ್ತುಮಾಡಿಸಿದರು. ಆಮೇಲೆ ಬಟ್ಟಲನ್ನು ಎರಡರ ನಡುವೆ ಇಟ್ಟರು. ತಿಂಡಿ ಕೊಟ್ಟು ಬೆಳೆಸಿದ ನಾಯಿಗಳು "ಇರಬಹುದು" ಅಂತ ಬೇಗ ಹೋದವು. ಜಾಸ್ತಿ ಶಿಕ್ಷೆ ಕಂಡ ನಾಯಿಗಳು ನಿಧಾನಕ್ಕೆ ಹೋದವು. ಒಳ್ಳೆಯದು ಸಿಗುತ್ತದೆ ಅನ್ನುವ ನಂಬಿಕೆಯೇ ಅವಕ್ಕೆ ಕಡಿಮೆಯಾಗಿತ್ತು. ಪಾಠ ಮುಗಿದ ಮೇಲೆ ಅವುಗಳ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನೂ ಹೆಚ್ಚಿತ್ತು. ಕರೆಂಟ್ ಶಾಕ್ ಕೊಡುವ ಕಾಲರ್ ತರಿಸಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೂ ಒಪ್ಪಬೇಡಿ. ವೇಲ್ಸ್‌ನಲ್ಲಿ ಅದನ್ನು 2010ರಲ್ಲೇ ನಿಷೇಧಿಸಿದ್ದಾರೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಹೋಲಿಸಿ ನೋಡಿದಾಗ, ಶಾಕ್ ಇಲ್ಲದೆ ತಿಂಡಿ ಕೊಟ್ಟು ಕಲಿಸಿದ್ದಕ್ಕಿಂತ ಅದು ಏನೂ ಹೆಚ್ಚು ಕಲಿಸಲಿಲ್ಲ.

ಗ್ರೇಟ್ ಡೇನ್ ಮಟ್ಟಿಗೆ ಇನ್ನೊಂದು ವಿಷಯ ಇದೆ, ಇದನ್ನು ನಿಮ್ಮ ಟ್ರೇನರ್‌ಗೂ ಹೇಳಿ. ಡೇನ್ ಮತ್ತು ಡಾಬರ್‌ಮನ್ ಜಾತಿಗಳಿಗೆ ಕುತ್ತಿಗೆಯ ಬೆನ್ನುಮೂಳೆ ನರವನ್ನು ಒತ್ತುವ ಕಾಯಿಲೆ ಬೇರೆ ಜಾತಿಗಳಿಗಿಂತ ಜಾಸ್ತಿ. ವಾಬ್ಲರ್ ಅಂತ ಕರೆಯುತ್ತಾರೆ. ಹಿಂಗಾಲು ತೂರಾಡುತ್ತದೆ, ನಡಿಗೆ ಅಡ್ಡಾದಿಡ್ಡಿಯಾಗುತ್ತದೆ, ಕುತ್ತಿಗೆ ಬಗ್ಗಿಸಲು ನೋವಾಗುತ್ತದೆ. ಡೇನ್‌ಗಳಲ್ಲಿ ಇದು ಎಳೆ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು. ಅಂಥ ಕುತ್ತಿಗೆಗೆ ಚೈನ್ ಹಾಕಿ ಜಗ್ಗುವುದು ದೊಡ್ಡ ಅಪಾಯ. ಆದ್ದರಿಂದ ಕಲಿಸಲು ಶುರುಮಾಡುವ ಮೊದಲು ಅವನನ್ನು ಒಮ್ಮೆ ಪೂರ್ತಿ ತಪಾಸಣೆ ಮಾಡಿಸಿ. ಕುತ್ತಿಗೆ, ಸೊಂಟ, ಕಿವಿ ನೋಡಿಸಿ. ಮಂಗನ ಕಾಯಿಲೆ ಕಂಡ ಸೀಮೆಯವರಿಗೆ ಉಣುಗಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಿಲ್ಲ. ನಾಯಿಗೂ ಉಣುಗಿನಿಂದ ಬರುವ ಜ್ವರಗಳಿವೆ, ಮೈಕೈ ನೋವಿಗೆ ಅದು ಸಿಡುಕುತ್ತದೆ, ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ತೀರ್ಥಹಳ್ಳಿಯಲ್ಲಿ ಎಕ್ಸ್‌ರೇ ಅನುಕೂಲ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆತನ್ನಿ. ರೇಬಿಸ್ ಲಸಿಕೆಯ ತಾರೀಕನ್ನೂ ಒಮ್ಮೆ ನೋಡಿ. ಯಾರಿಗಾದರೂ ಹಲ್ಲು ತಾಗಿದರೆ, ಮನೆಯ ನಾಯಿಯೇ ಆದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಈಗ ಕಲಿಸುವ ವಿಷಯಕ್ಕೆ ಬರೋಣ. ಬೆಲ್ಟಿನಿಂದಲೇ ಶುರುಮಾಡಬೇಕು, ಯಾಕೆಂದರೆ ಗಾಯ ಆಗಿರುವುದು ಅಲ್ಲಿ.

ಮೊದಲು ಮೆತ್ತನೆಯ ಎದೆಪಟ್ಟಿ ತನ್ನಿ, ಅಂಗಡಿಯಲ್ಲಿ ಹಾರ್ನೆಸ್ ಅಂತ ಕೇಳಿ. ಎದೆಯ ಮುಂಭಾಗದಲ್ಲಿ ಹಗ್ಗ ಸಿಕ್ಕಿಸುವ ಬಳೆ ಇರುವಂಥದ್ದು ಬೇಕು. ಅದು ಕುತ್ತಿಗೆಯನ್ನು ಮುಟ್ಟುವುದಿಲ್ಲ. ಹೊಸ ಪಟ್ಟಿಯನ್ನು ಬಲವಂತವಾಗಿ ತೊಡಿಸಬೇಡಿ. ಎರಡು ದಿನ ಅವನ ಊಟದ ತಟ್ಟೆಯ ಪಕ್ಕ ಇಡಿ, ಮೂಸಿ ನೋಡಲಿ.

ಆಮೇಲೆ ದಿನಕ್ಕೆ ಎರಡು ಸಲ, ಎರಡೆರಡೇ ನಿಮಿಷ, ಹೀಗೆ ಮಾಡಿ. ಜಗಲಿಯ ಅಂಚಿನಲ್ಲಿ ಅವನಿಗೆ ಪಕ್ಕ ಕೊಟ್ಟು ಕೂತುಕೊಳ್ಳಿ. ಎದುರಾಗಿ ಕೂರಬೇಡಿ, ಮೇಲಿನಿಂದ ಬಗ್ಗಬೇಡಿ. ಒಂದು ಕೈ ನಿಮ್ಮ ಮಂಡಿಯ ಮೇಲಿರಲಿ. ಇನ್ನೊಂದು ಕೈಯಲ್ಲಿ ಬೇಯಿಸಿದ ಮೊಟ್ಟೆಯ ಸಣ್ಣ ತುಂಡುಗಳು ಇರಲಿ, ಅಡಿಕೆ ಹೋಳಿನಷ್ಟು ಸಾಕು. ಮಂಡಿಯ ಮೇಲಿನ ಕೈಯನ್ನು ಅವನ ಕಡೆಗೆ ನಾಲ್ಕು ಬೆರಳು ಸರಿಸಿ, ನಿಲ್ಲಿಸಿ. ಆಮೇಲೆ ಇನ್ನೊಂದು ಕೈಯಿಂದ ತುಂಡು ಕೊಡಿ. ಕೈ ವಾಪಸ್ ಮಂಡಿಗೆ. ಇಷ್ಟೇ. ಐದು ಸಲ ಮಾಡಿ ಎದ್ದುಬಿಡಿ.

ಇಲ್ಲಿ ಕ್ರಮ ತಪ್ಪಬಾರದು. ಕೈ ಮೊದಲು, ತಿಂಡಿ ಆಮೇಲೆ. ತಿಂಡಿ ತೋರಿಸಿ ಆಸೆ ಹುಟ್ಟಿಸಿ ಆಮೇಲೆ ಕೈ ಚಾಚಿದರೆ, "ತಿಂಡಿ ಬಂತು ಅಂದರೆ ಏನೋ ಕೆಟ್ಟದ್ದು ಕಾದಿದೆ" ಅಂತ ಕಲಿಯುತ್ತಾನೆ. ಆಗ ಮೊಟ್ಟೆ ಕಂಡರೂ ಓಡಿಹೋಗುತ್ತಾನೆ. ಹೆಚ್ಚಿನವರು ಸೋಲುವುದು ಇದೊಂದು ಜಾಗದಲ್ಲಿ.

ಕೈ ಸರಿದ ಕೂಡಲೇ ಅವನು ನಿಮ್ಮ ಇನ್ನೊಂದು ಕೈಯ ಕಡೆ ಆಸೆಯಿಂದ ನೋಡಲು ಶುರುಮಾಡಿದಾಗ ಒಂದು ಹೆಜ್ಜೆ ಮುಂದೆ ಹೋಗಿ. ಕೈ ಅವನ ಭುಜಕ್ಕೆ ತಾಗಲಿ. ಆಮೇಲೆ ಎದೆಯ ಪಕ್ಕಕ್ಕೆ. ಆಮೇಲೆ ಗದ್ದದ ಕೆಳಗೆ. ತಲೆಯ ಮೇಲಿನಿಂದ ಯಾವತ್ತೂ ಕೈ ತರಬೇಡಿ. ಕೆಲವು ದಿನದ ಮೇಲೆ ಪಟ್ಟಿಯನ್ನು ಒಂದು ಬೆರಳು ಮುಟ್ಟಲಿ. ಆಮೇಲೆ ಬೆರಳು ಒಳಗೆ ಹೋಗಲಿ, ಒಂದು ಕ್ಷಣ ಹಿಡಿಯಲಿ, ಬಿಡಲಿ. ಪ್ರತಿ ಸಲವೂ ತುಂಡು. ಮಧ್ಯೆ ಮುಖ ತಿರುಗಿಸಿದರೆ, ಮೂಗು ನೆಕ್ಕಿದರೆ, ತಿಂಡಿ ಬೇಡ ಅಂದರೆ, ನೀವು ಅವಸರ ಮಾಡಿದ್ದೀರಿ ಅಂತ ಅರ್ಥ. ಹಿಂದಿನ ಹಂತಕ್ಕೆ ಹೋಗಿ. ಹೆದರಿದ ನಾಯಿಗೆ ಗಂಟಲಲ್ಲಿ ತಿಂಡಿ ಇಳಿಯುವುದಿಲ್ಲ, ನಮಗೂ ಹಾಗೇ ಅಲ್ವಾ? ಇದಕ್ಕೆ ಮೂರು ವಾರ ಆಗಬಹುದು, ಎರಡು ತಿಂಗಳೂ ಆಗಬಹುದು. ಹತ್ತು ದಿನದಲ್ಲಿ ಹಾಳು ಮಾಡಿದ್ದನ್ನು ಹತ್ತೇ ದಿನದಲ್ಲಿ ಸರಿಮಾಡಲು ಆಗುವುದಿಲ್ಲ.

ಮಗ ಕೊನೆಗೆ ಬರಲಿ. ಮನೆಯ ಇಬ್ಬರು ದೊಡ್ಡವರ ಕೈಗೆ ಕರಿಯ ಒಗ್ಗಿದ ಮೇಲೆ ಅವನು ಮತ್ತೆ ಮೊದಲ ಹಂತದಿಂದ ಶುರುಮಾಡಲಿ, ನೀವು ಪಕ್ಕದಲ್ಲಿರಿ. ಹುಡುಗ ಚಿಕ್ಕವನಾದರೆ ಅಲ್ಲಿಯವರೆಗೆ ಇಬ್ಬರನ್ನೇ ಬಿಟ್ಟು ಹೋಗಬೇಡಿ. ಅಷ್ಟರಲ್ಲಿ ಕರಿಯನನ್ನು ಎಲ್ಲಿಗಾದರೂ ಕರೆದೊಯ್ಯಬೇಕಾದರೆ ಮೂಲೆಗೆ ಒತ್ತಿ ಹಿಡಿಯಬೇಡಿ, ತಿಂಡಿಯ ಚೂರು ಎಸೆಯುತ್ತಾ ಬನ್ನಿ, ಅವನೇ ಹಿಂದೆ ಬರುತ್ತಾನೆ. ಹಾವು ಕಂಡಿತು, ಚಿರತೆ ವಾಸನೆಗೆ ತೋಟಕ್ಕೆ ನುಗ್ಗುತ್ತಿದ್ದಾನೆ ಅಂದರೆ ಹಿಡಿದು ಎಳೆಯಿರಿ, ಅದು ಜೀವದ ಪ್ರಶ್ನೆ. ಅದು ಪಾಠ ಅಲ್ಲ.

ಎತ್ತಿದ ಕೈಯ ಭಯಕ್ಕೂ ಇದೇ ದಾರಿ. ಕೈ ಸ್ವಲ್ಪ ಎತ್ತಿ, ಇಳಿಸಿ, ತುಂಡು ಕೊಡಿ. ದಬ್ಬೆಯಲ್ಲಿ ಏಟು ತಿಂದಿರುವುದರಿಂದ ಕೋಲಿನ ಹಾಗಿರುವುದೆಲ್ಲ ಅವನಿಗೆ ದಬ್ಬೆಯೇ. ಅಡಿಕೆ ಕೊನೆ ತೆಗೆಯುವವರು ಉದ್ದನೆಯ ಫೈಬರ್ ದೋಟಿ ಹಿಡಿದು ಬಂದಾಗ ಕರಿಯನ ಸ್ಥಿತಿ ಏನಾಗಬಹುದು ಯೋಚಿಸಿ. ಕಂಬಳಿಕೊಪ್ಪೆ ಹಾಕಿ ಮುಖ ಕಾಣದೆ ಬರುವವರನ್ನು ಕಂಡರೂ ಹಾಗೇ. ಅಂಥ ದಿನ ಅವನನ್ನು ಒಳಗಿನ ಕೋಣೆಯಲ್ಲಿ ಬಿಟ್ಟರೆ ತಪ್ಪೇನಿಲ್ಲ. ಕಲಿಸುವುದು ಅಂದರೆ ಎಲ್ಲವನ್ನೂ ಎದುರಿಸುವಂತೆ ಮಾಡುವುದು ಅಂತ ಅಲ್ಲ.

ಎಳೆಯುವುದು ಮತ್ತೆ ಶುರುವಾಗುತ್ತದೆ, ಅದಕ್ಕೆ ಸಿದ್ಧರಾಗಿರಿ. ನೋವಿನ ಹೆದರಿಕೆ ಹೋದಾಗ ಹಳೆಯ ಆಸೆ ವಾಪಸ್ ಬರುತ್ತದೆ, ಅದು ಒಳ್ಳೆಯ ಲಕ್ಷಣವೇ. ಕಲಿಸುವುದು ಕಷ್ಟ ಅಲ್ಲ, ಬೇಜಾರಿನ ಕೆಲಸ. ಹಗ್ಗ ಬಿಗಿಯಾದರೆ ನೀವು ಮರದ ಹಾಗೆ ನಿಂತುಬಿಡಿ. ಜಗ್ಗಬೇಡಿ, ಬೈಯಬೇಡಿ. ಅವನು ತಿರುಗಿ ನೋಡಿ ಹಗ್ಗ ಸಡಿಲಾದ ಕೂಡಲೇ ನಡೆಯಿರಿ. ನಿಮ್ಮ ಪಕ್ಕದಲ್ಲಿ ನಾಲ್ಕು ಹೆಜ್ಜೆ ಬಂದರೆ ನಿಮ್ಮ ಮೊಣಕಾಲಿನ ಹತ್ತಿರ ತುಂಡು ಕೊಡಿ. ಮೊದಲ ವಾರ ಅಂಗಳದಿಂದ ತೋಟದ ದಾರಿಯವರೆಗೆ ಹೋಗಲು ಕಾಲು ಗಂಟೆ ಬೇಕಾಗಬಹುದು. ಮೂಸಲು ಬಿಡಿ, ನಾಯಿಗೆ ಅದೇ ಊರ ಸುದ್ದಿ. ಮಳೆಗಾಲದಲ್ಲಿ ವಾಪಸ್ ಬಂದ ಮೇಲೆ ಬೆರಳ ಸಂದಿ, ಮೂಗಿನ ಹೊಳ್ಳೆ ನೋಡಿ, ಇಂಬಳ, ಅಂದರೆ ಜಿಗಣೆ, ಹತ್ತಿರುತ್ತದೆ.

ಹಾರುವುದು ನಿಮ್ಮ ಮುಖ ಹುಡುಕಿಕೊಂಡು. ಮರಿಯಾಗಿದ್ದಾಗ ಹಾರಿದರೆ ಎತ್ತಿ ಮುದ್ದು ಮಾಡಿದ್ದೀರಿ, ಅಲ್ವಾ? ಅವನಿಗೆ ಅದು ನೆನಪಿದೆ. ಈಗ ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮಾತು, ಮುದ್ದು, ತಿಂಡಿ. ಹಾರಿದರೆ ಬೆನ್ನು ತಿರುಗಿಸಿ. ಆದರೆ ನಿಮ್ಮ ಅತ್ತೆಯ ವಿಷಯದಲ್ಲಿ ಪಾಠವನ್ನು ನೆಚ್ಚಿಕೊಳ್ಳಬೇಡಿ. ಜಗಲಿಗೆ ಒಂದು ಗೇಟು ಹಾಕಿಸಿ. ಅವರು ಅಂಗಳಕ್ಕೆ ಬರುವಾಗ ಕರಿಯ ಗೇಟಿನ ಒಳಗಿರಲಿ. ವಯಸ್ಸಾದವರ ಸೊಂಟ ಮುರಿದರೆ ಆಮೇಲೆ ಯಾವ ಪಾಠವೂ ಉಪಯೋಗಕ್ಕೆ ಬರುವುದಿಲ್ಲ. ಹೊಡೆಯಬೇಡಿ ಅಂದರೆ ಬೇಕಾದ ಹಾಗೆ ಬಿಡಿ ಅಂತ ಅಲ್ಲ. ಗೇಟು, ಬಾಗಿಲು, ಹಗ್ಗ ಇವೆಲ್ಲ ಮಿತಿಗಳೇ, ನೋವಿಲ್ಲದ ಮಿತಿಗಳು.

ಹೇಳಿದ್ದು ಗೊತ್ತಿದ್ದೂ ಕೇಳುವುದಿಲ್ಲ ಅನ್ನಿಸಬಹುದು. ಅವನ ವಯಸ್ಸು ನೋಡಿ. ಹರೆಯದ ನಾಯಿಗಳ ಬಗ್ಗೆ ಬ್ರಿಟನ್ನಿನಲ್ಲಿ 2020ರಲ್ಲಿ ಬಂದ ಅಧ್ಯಯನದಲ್ಲಿ, ಐದು ತಿಂಗಳಲ್ಲಿ "ಕೂರು" ಅಂದರೆ ಕೂರುತ್ತಿದ್ದ ಮರಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತನ್ನೇ ಕಡಿಮೆ ಕೇಳುತ್ತಿದ್ದವು, ಹೊರಗಿನವರ ಮಾತು ಕೇಳುತ್ತಿದ್ದವು. ಆಮೇಲೆ ಅದು ಸರಿಹೋಯಿತು. ದೊಡ್ಡ ಜಾತಿಗಳು ಬಲಿಯುವುದು ನಿಧಾನ. ಕರಿಯ ನೋಡಲು ಕರುವಿನ ಹಾಗಿದ್ದರೂ ಇನ್ನೂ ಹುಡುಗ. ಹಾಗೆಯೇ, ಏನಾದರೂ ಕಚ್ಚಿ ಹಾಳು ಮಾಡಿದ ಮೇಲೆ ತಲೆ ತಗ್ಗಿಸಿ ನಿಲ್ಲುತ್ತಾನಲ್ಲ, "ತಪ್ಪು ಮಾಡಿದ್ದು ಅವನಿಗೇ ಗೊತ್ತು" ಅಂತ ನಾವು ಅಂದುಕೊಳ್ಳುತ್ತೇವೆ. 2009ರಲ್ಲಿ ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಇದನ್ನು ಪರೀಕ್ಷಿಸಿದರು. ತಪ್ಪು ಮಾಡದ ನಾಯಿಯನ್ನು ಬೈದರೂ ಅದೇ ಮುಖ ಬಂತು. ಅದು ನಮ್ಮ ದನಿಗೆ ಹೆದರಿದ ಮುಖ.

ತಿಂಡಿಯ ಬಗ್ಗೆ ಎರಡು ಮಾತು. ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲದಿದ್ದರೆ ಪನೀರ್, ಬೇಯಿಸಿದ ಗೆಣಸು, ಉಪ್ಪಿಲ್ಲದ ಹುರಿದ ಶೇಂಗಾ ಆಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕಲೇಟ್ ಬೇಡವೇ ಬೇಡ, ನಾಯಿಗೆ ಅವು ವಿಷ. ತಿಂಡಿ ಕೊಟ್ಟಷ್ಟು ಊಟದಲ್ಲಿ ಕಡಿಮೆ ಮಾಡಿ. ಡೇನ್‌ಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಬೇರೆಲ್ಲ ಜಾತಿಗಿಂತ ಜಾಸ್ತಿ, ಕೆಲವೇ ಗಂಟೆಯಲ್ಲಿ ಜೀವ ಹೋಗುತ್ತದೆ. ದಿನದ ಊಟವನ್ನು ಎರಡು ಮೂರು ಪಾಲು ಮಾಡಿ ಕೊಡಿ. ಹೊಟ್ಟೆ ತುಂಬಿದ ಮೇಲೆ ಓಡಿಸಬೇಡಿ.

ಟ್ರೇನರ್ ಬೇಕೇ ಬೇಕು ಅಂದರೆ ಹೊಸಬರನ್ನು ಒಂದು ಪ್ರಶ್ನೆ ಕೇಳಿ. "ನಾಯಿ ಹೇಳಿದ್ದನ್ನು ಮಾಡದಿದ್ದರೆ ಏನು ಮಾಡುತ್ತೀರಿ?" ಉತ್ತರದಲ್ಲಿ ಚೈನ್, ಕೋಲು, ಶಾಕ್, ಉಪವಾಸ ಏನಾದರೂ ಬಂದರೆ ಕೈಮುಗಿದು ಕಳಿಸಿ. ನಿಮ್ಮ ಕಣ್ಣೆದುರು ಕಲಿಸಲು ಒಪ್ಪದವರೂ ಬೇಡ. ಪ್ರಾಣಿಗಳನ್ನು ಹೊಡೆಯುವುದು ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಅಪರಾಧ. ಇಡೀ ದಿನ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅದೇ ಕಾಯ್ದೆಯಲ್ಲಿ ಬರುತ್ತದೆ. ನೆಂಟರಿಗೆ ಬೇಕಾದರೆ ಇದನ್ನು ಹೇಳಿ. ಅದಕ್ಕಿಂತ ಸರಳವಾದ ಲೆಕ್ಕ ಒಂದಿದೆ, ಅದನ್ನೂ ಹೇಳಿ. ಇನ್ನೊಂದು ವರ್ಷಕ್ಕೆ ಕರಿಯ 65, 70 ಕಿಲೋ ಮುಟ್ಟಬಹುದು. ಆಗ ಮನೆಯಲ್ಲಿ ಅವನನ್ನು ಬಲದಿಂದ ಹಿಡಿದು ನಿಲ್ಲಿಸುವವರು ಯಾರೂ ಇರುವುದಿಲ್ಲ. ಚಿಕ್ಕ ನಾಯಿಯ ಜೊತೆ ಬಲದ ಆಟ ಆಡಿ ಗೆದ್ದೆ ಅಂದುಕೊಳ್ಳಬಹುದು, ಇವನ ಜೊತೆ ಅದು ನಡೆಯುವುದೇ ಇಲ್ಲ. ಅವನು ನಿಲ್ಲಬೇಕಾದರೆ ನಿಮ್ಮ ದನಿ ಕೇಳಿ ನಿಲ್ಲುವ ಮನಸ್ಸು ಅವನಿಗೇ ಬರಬೇಕು.

ಕೊನೆಯದಾಗಿ, ನೀವು ಬರೆಯದಿದ್ದರೂ ನಿಮ್ಮ ತೋಟದಲ್ಲಿ ಮಂಗ ಓಡಿಸಲು ಗರ್ನಾಲು ಹೊಡೆಯುತ್ತೀರಿ ಅಂತ ಅಂದುಕೊಳ್ಳುತ್ತೇನೆ. ಈಗಿನ ಸ್ಥಿತಿಯಲ್ಲಿ ಕರಿಯನಿಗೆ ಅದು ಬಹಳ ಕಷ್ಟ. ಗರ್ನಾಲು ಹೊಡೆಯುವ ಮೊದಲು ಅವನನ್ನು ನಡುಮನೆಗೆ ಕರೆದುಕೊಂಡು ಬಾಗಿಲು ಹಾಕಿ. ಸದ್ದಾದ ಕೂಡಲೇ ಒಂದು ಹಿಡಿ ಪನೀರ್ ಚೂರು ನೆಲದ ಮೇಲೆ ಚೆಲ್ಲಿ. ಬಂದು ಒರಗಿದರೆ ಸವರಿ. ಸವರಿದರೆ ಭಯ ಹೆಚ್ಚುತ್ತದೆ ಅನ್ನುವುದು ಸುಳ್ಳು. ದೀಪಾವಳಿಗೂ ಹೀಗೇ ಮಾಡಿ. ಅಡಿಕೆ ಸುಲಿಯಲು ಜನ ಬರುವಷ್ಟರಲ್ಲಿ ಬೆಲ್ಟಿನ ಅಭ್ಯಾಸ ಎಲ್ಲಿಗೆ ಬಂತು, ಮಗನ ಕೈಯಿಂದ ಮೊದಲ ತುಂಡು ಯಾವತ್ತು ತಿಂದ ಅಂತ ನನಗೆ ಬರೆದು ತಿಳಿಸಿ.